ಸೂಪರ್‌ಹೀರೋ ಹುಟ್ಟುಹಬ್ಬ: ಮಾಡೋಣ, ಆದ್ರೆ ಸಾಲ ಮಾಡಿ ಬೇಡ

ಇವತ್ತು ಬೆಳೆ ವಿಷಯ ಅಲ್ಲ. ತೆಂಗಿನ ಬಿಳಿನೊಣದ ಬಗ್ಗೆ ಕೇಳಿದ್ದವರಿಗೆ ಮುಂದಿನ ವಾರ ಬರೀತೀನಿ, ಬೇಜಾರು ಮಾಡ್ಕೋಬೇಡಿ. ಇವತ್ತು ಬರೀತಿರೋದು ಮಕ್ಕಳ ಹುಟ್ಟುಹಬ್ಬದ ಬಗ್ಗೆ. ಅದ್ರಲ್ಲೂ ಈಗ ನಮ್ಮ ಹಳ್ಳಿಗಳಿಗೂ ಬಂದಿರೋ ಸೂಪರ್‌ಹೀರೋ ಥೀಮ್ ಹುಟ್ಟುಹಬ್ಬದ ಬಗ್ಗೆ. ‘ಇದೇನಪ್ಪ ಇವ್ನು, ಕೊಬ್ಬರಿ ರೇಟು ಬಿಟ್ಟು ಬಲೂನ್ ಹಿಡ್ಕೊಂಡ’ ಅಂತ ನಗಬೇಡಿ. ಇದೂ ನಮ್ಮ ಜೇಬಿನ ವಿಷಯಾನೇ. ಜೇಬಿಗಿಂತ ಜಾಸ್ತಿ, ನಮ್ಮ ಮಕ್ಕಳ ವಿಷಯ.

ಮೊದಲೆಲ್ಲ ಹುಟ್ಟುಹಬ್ಬ ಅಂದ್ರೆ ಬೆಳಗ್ಗೆ ತಲೆಗೆ ಎಣ್ಣೆ ಸ್ನಾನ, ಹೊಸ ಬಟ್ಟೆ, ದೇವಸ್ಥಾನದಲ್ಲಿ ಒಂದು ಅರ್ಚನೆ, ಸ್ಕೂಲಲ್ಲಿ ಎಲ್ರಿಗೂ ಒಂದೊಂದು ಚಾಕ್ಲೇಟು, ರಾತ್ರಿಗೆ ಪಾಯಸ. ಆಮೇಲೆ ಕೇಕ್ ಬಂತು. ಅದೂ ಸರಿ. ಈಗ ಬಂದಿರೋದು ಬೇರೆ. ಮನೆ ಮುಂದೆ ಮಗುವಿನ ಫೋಟೋ ಹಾಕಿದ ಫ್ಲೆಕ್ಸು, ಪಕ್ಕದಲ್ಲಿ ಸ್ಪೈಡರ್‌ಮ್ಯಾನು. ಬಲೂನಿನ ಕಮಾನು. ಮೂರು ಕೆಜಿ ಕೇಕು. ಸ್ಪೈಡರ್‌ಮ್ಯಾನ್ ವೇಷ ಹಾಕ್ಕೊಂಡು ಕುಣಿಯೋಕೆ ಪೇಟೆಯಿಂದ ಒಬ್ಬ ಹುಡುಗ. ಬರೋ ಮಕ್ಕಳೆಲ್ಲ ಸೂಪರ್‌ಹೀರೋ ಡ್ರೆಸ್ಸಲ್ಲೇ ಬರಬೇಕು ಅಂತ ವಾಟ್ಸಾಪಲ್ಲಿ ಕರೆ. ಹೋಗುವಾಗ ಎಲ್ಲರಿಗೂ ರಿಟರ್ನ್ ಗಿಫ್ಟು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಸೂಪರ್‌ಹೀರೋ ಹುಟ್ಟುಹಬ್ಬ ತಪ್ಪಲ್ಲ. ಮಕ್ಕಳಿಗೆ ಅದು ಇಷ್ಟ, ಅವರ ಇಷ್ಟವನ್ನ ಬೈಯೋದು ಬೇಡ. ಆದ್ರೆ ಅದನ್ನ ನಮ್ಮ ಅಂಗಳದಲ್ಲಿ, ನಮ್ಮ ಕೈಯಲ್ಲಿ, ಬೀದಿಯ ಪ್ರತಿ ಮನೆಗೂ ಕೈಗೆಟುಕೋ ಖರ್ಚಿನಲ್ಲಿ ಮಾಡ್ಬೇಕು. ಪೇಟೆಯವರ ಪ್ಯಾಕೇಜ್ ತಂದ ದಿನ ಅದು ಮಗುವಿನ ಹಬ್ಬ ಆಗಿರಲ್ಲ, ದೊಡ್ಡೋರ ಪೈಪೋಟಿ ಆಗಿರುತ್ತೆ.

ಈ ಸಲ ನನ್ನ ತಮ್ಮನ ಮಗನಿಗೆ ಏಳು ತುಂಬ್ತು. ತಮ್ಮ ಪೇಟೆಯಲ್ಲಿ ವಿಚಾರಿಸ್ಕೊಂಡು ಬಂದಿದ್ದ. ಅವ್ರು ಹೇಳಿದ ಲೆಕ್ಕ ಹೀಗಿತ್ತು:

ಡೆಕೋರೇಷನ್ 12,000
ಮೂರು ಕೆಜಿ ಥೀಮ್ ಕೇಕ್ 3,600
ವೇಷದ ಹುಡುಗ 4,000
ಫೋಟೋ, ವಿಡಿಯೋ 5,000
ರಿಟರ್ನ್ ಗಿಫ್ಟ್ 3,400
ಒಟ್ಟು 28,000

ಊಟ ಬೇರೆ.

ನಾವು ರೈತರು ಯಾವ ದುಡ್ಡನ್ನೂ ಬರೀ ರೂಪಾಯಿಯಲ್ಲಿ ಎಣಿಸಬಾರದು, ನಮ್ಮ ಕೆಲಸದಲ್ಲಿ ಎಣಿಸ್ಬೇಕು. ಡೇರಿಗೆ ಹಾಕೋ ಹಾಲು ಲೀಟರಿಗೆ 35 ರೂಪಾಯಿ ಅಂತ ಇಟ್ಕೊಳ್ಳಿ. 28,000 ಅಂದ್ರೆ 800 ಲೀಟರ್ ಹಾಲು. ದಿನಕ್ಕೆ ಹತ್ತು ಲೀಟರ್ ಹಾಕೋ ಮನೆಗೆ 80 ದಿನದ ಹಾಲು. ಅದರಲ್ಲಿ ಹಿಂಡಿ, ಬೂಸಾ, ಡಾಕ್ಟ್ರ ಫೀಸು ಕಳೆದಿಲ್ಲ. ಎಲ್ಲ ಕಳೆದು ಉಳಿಯೋದ್ರಲ್ಲಿ ಕಟ್ಟೋದಾದ್ರೆ ವರ್ಷದ ಅರ್ಧ ಬೇಕಾದೀತು. ಇಷ್ಟೆಲ್ಲ ಸಂಜೆ ಮೂರು ಗಂಟೆಗೆ.

ತಮ್ಮ ಹೇಳ್ದ, “ಅಣ್ಣ, ವರ್ಷಕ್ಕೊಂದು ದಿನ. ನಾವಂತೂ ಏನೂ ನೋಡ್ಲಿಲ್ಲ. ಅವ್ನಾದ್ರೂ ನೋಡ್ಲಿ ಬಿಡು.”

ಈ ಮಾತನ್ನ ನಾನು ಹಗುರವಾಗಿ ತಗೊಳಲ್ಲ. ನಮ್ಮಲ್ಲಿ ತುಂಬ ಜನರ ಮನಸ್ಸಲ್ಲಿ ಇರೋದು ಇದೇ. ನಮ್ಮ ಹುಟ್ಟಿದ ದಿನ ಯಾವ್ದು ಅಂತ ನಮ್ಮಪ್ಪ ಅಮ್ಮಂಗೇ ಸರಿಯಾಗಿ ಗೊತ್ತಿರಲಿಲ್ಲ. ಮೇಷ್ಟ್ರು ಶಾಲೆಗೆ ಸೇರಿಸ್ಕೊಳ್ಳುವಾಗ ಬರೆದಿದ್ದೇ ದಿನಾಂಕ. ಹಾಗಿರುವಾಗ ಮಗನ ಹುಟ್ಟುಹಬ್ಬ ಜೋರಾಗಿ ಮಾಡ್ಬೇಕು ಅಂತ ಅಪ್ಪನಿಗೆ ಆಸೆ ಆಗೋದು ಸಹಜ. ನಾನು ಕೇಳೋದು ಇಷ್ಟೇ: ಆ 28,000ದಲ್ಲಿ ಮಗುವಿಗೆ ಬೇಕಾದ್ದು ಎಷ್ಟು?

ಹುಡುಗನ್ನೇ ಕೇಳಿದೆ, “ಏನೇನಿರ್ಬೇಕೋ ನಿನ್ನ ಬರ್ತ್‌ಡೇಲಿ?” ಅಂತ. “ದೊಡ್ಡಪ್ಪ, ದೊಡ್ಡ ಬಲೆ ಇರ್ಬೇಕು. ನಾವೆಲ್ಲ ಅದ್ರಲ್ಲಿ ನುಗ್ಬೇಕು. ಮುಖವಾಡ ಬೇಕು. ಕೇಕ್ ಬೇಕು. ಎಲ್ರೂ ಬರ್ಬೇಕು” ಅಂದ. ಬಲೂನ್ ಕಮಾನಿನ ಮಾತಿಲ್ಲ. ವಿಡಿಯೋದ ಮಾತಿಲ್ಲ. ಫ್ಲೆಕ್ಸ್ ನೆನಪೇ ಇಲ್ಲ. ಅವೆಲ್ಲ ನಮಗೆ ಬೇಕಾಗಿರೋದು. ನಿಮ್ಮ ಮನೇಲೂ ಒಂದ್ಸಲ ಕೇಳಿ ನೋಡಿ, ಖರ್ಚು ಅಲ್ಲೇ ಅರ್ಧ ಇಳಿಯುತ್ತೆ.

ಅವನ ಕೊನೇ ಮಾತು ಗಮನಿಸಿ, ‘ಎಲ್ರೂ ಬರ್ಬೇಕು.’ ನನ್ನ ತಲೆ ಕೊರೀತಿರೋದು ಅದೇ. ನಮ್ಮ ಸರ್ಕಾರಿ ಶಾಲೆಯಲ್ಲಿ ಅವನ ತರಗತೀಲಿ ತೋಟದ ಮನೆ ಮಕ್ಕಳೂ ಇದ್ದಾರೆ, ತೋಟಕ್ಕೆ ಕೂಲಿಗೆ ಬರೋರ ಮಕ್ಕಳೂ ಇದ್ದಾರೆ. ಬೆಳಗ್ಗೆಯಿಂದ ಸಂಜೆತನಕ ಒಂದೇ ಬೆಂಚು, ಒಂದೇ ಬಿಸಿಯೂಟ. ‘ಡ್ರೆಸ್ ಹಾಕ್ಕೊಂಡೇ ಬನ್ನಿ’ ಅಂತ ಕರೆದ ದಿನ ಆ ಬೆಂಚು ಎರಡಾಗುತ್ತೆ. ಐನೂರು ಆರುನೂರು ರೂಪಾಯಿ ಕೊಟ್ಟು ಒಂದು ಸಂಜೆಗೆ ವೇಷದ ಡ್ರೆಸ್ ತರೋಕೆ ಕೂಲಿ ಮನೆಯಲ್ಲಿ ಆಗಲ್ಲ. ತಾಯಿ ‘ಜ್ವರ ಬಂದಿದೆ’ ಅಂತ ಹೇಳಿ ಮಗನ್ನ ಮನೇಲೇ ಉಳಿಸ್ಕೋತಾಳೆ. ಇಲ್ಲಾ, ಸಂಘದ ಸಾಲದಲ್ಲಿ ಐನೂರು ಮುರೀತಾಳೆ. ಎರಡನ್ನೂ ನಮ್ಮ ಸುತ್ತಮುತ್ತ ನೀವೂ ನೋಡಿದ್ದೀರಿ, ನಾನೂ ನೋಡಿದ್ದೀನಿ.

ಇನ್ನೊಂದು, ಒಂದು ಮನೆಯವರು 28,000 ಖರ್ಚು ಮಾಡಿದ್ರೆ ಪಕ್ಕದ ಮನೆಯವರ ತಲೆ ಮೇಲೆ ಅದು ಕೂರುತ್ತೆ. ಅವರ ಮಗು ಕೇಳೇ ಕೇಳುತ್ತೆ. ಮದುವೆ ಖರ್ಚು ನಮ್ಮಲ್ಲಿ ಹೇಗೆ ಏರ್ತು ಅಂತ ನೋಡಿದ್ದೀವಲ್ಲ, ಯಾರೂ ಬೇಕು ಅಂತ ಏರಿಸಲಿಲ್ಲ, ‘ಅವ್ರು ಮಾಡಿದ್ರು, ನಾವು ಮಾಡ್ದೇ ಇದ್ರೆ ಹೆಂಗೆ’ ಅಂತಲೇ ಏರ್ತು. ಮದುವೆ ಜೀವನಕ್ಕೊಂದ್ಸಲ. ಹುಟ್ಟುಹಬ್ಬ ಪ್ರತಿ ವರ್ಷ, ಪ್ರತಿ ಮಗುವಿಗೆ.

ಈಗ ಸೂಪರ್‌ಹೀರೋಗಳ ವಿಷಯಕ್ಕೆ ಬರೋಣ. ಕೆಲವು ಹಿರಿಯರು ‘ಇದೆಲ್ಲ ಅಮೆರಿಕದ ಹುಚ್ಚು, ನಮಗ್ಯಾಕೆ’ ಅಂತಾರೆ. ಅವ್ರಿಗೆ ಒಂದು ವಿಷಯ ಹೇಳ್ಬೇಕು. ಸೂಪರ್‌ಮ್ಯಾನ್ ರೈತರ ಮನೆ ಹುಡುಗ. 1938ರಲ್ಲಿ ಅಮೆರಿಕದ ಒಂದು ಕಾಮಿಕ್ಸ್ ಪುಸ್ತಕದಲ್ಲಿ ಅವನು ಮೊದಲು ಬಂದ. ಆಮೇಲೆ ಬೆಳೆದ ಕಥೆಯಲ್ಲಿ, ಬೇರೆ ಗ್ರಹದಿಂದ ಬಂದ ಕೂಸನ್ನ ಸಾಕಿದ್ದು ಕನ್ಸಾಸ್ ರಾಜ್ಯದ ಸ್ಮಾಲ್‌ವಿಲ್ ಅನ್ನೋ ಊರಿನ ಕೆಂಟ್ ಅನ್ನೋ ರೈತ ದಂಪತಿ. ಕನ್ಸಾಸ್ ಅಂದ್ರೆ ಗೋಧಿ ಬೆಳೆಯೋ ಸೀಮೆ. ಜಗತ್ತಲ್ಲೇ ಎಲ್ಲರಿಗಿಂತ ಬಲಶಾಲಿ ಅಂತ ಮಕ್ಕಳು ಹೊಗಳೋ ಆಸಾಮಿ ಹೊಲದ ಮನೇಲಿ ಬೆಳೆದೋನು. ಊರಲ್ಲಿ ಮಕ್ಕಳು ‘ನಮ್ಮಪ್ಪ ರೈತ’ ಅಂತ ಹೇಳೋಕೆ ನಾಚ್ಕೊಳ್ಳೋ ಈ ಕಾಲದಲ್ಲಿ ಇದನ್ನ ಹೇಳೋದ್ರಲ್ಲಿ ನಷ್ಟ ಏನಿಲ್ಲ.

ಡ್ರೆಸ್ ವಿಷಯಾನೂ ನೋಡಿ. ಸೂಪರ್‌ಮ್ಯಾನ್ ಡ್ರೆಸ್ಸನ್ನ ಅವನ ಸಾಕುತಾಯಿ ಮನೇಲಿ ಹೊಲಿದ್ಲು ಅಂತ ಎಷ್ಟೋ ಕಥೆಗಳಲ್ಲಿ ಬರುತ್ತೆ. 1962ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಅಪ್ಪ ಅಮ್ಮ ಇಲ್ಲದ ಹುಡುಗ, ದೊಡ್ಡಪ್ಪ ದೊಡ್ಡಮ್ಮನಂಥವರ ಮನೇಲಿ ಬೆಳೆದೋನು. ತನ್ನ ಡ್ರೆಸ್ ತಾನೇ ಹೊಲ್ಕೊಂಡ. 2021ರಲ್ಲಿ ಬಂದ ಮಲಯಾಳಂ ಸಿನಿಮಾ ‘ಮಿನ್ನಲ್ ಮುರಳಿ’ ತುಂಬ ಜನ ನೋಡಿದ್ದೀರಿ. ಕೇರಳದ ಒಂದು ಹಳ್ಳಿ ಕಥೆ ಅದು, ಅದರ ಹೀರೋ ಟೈಲರ್ರು. ರೆಡಿಮೇಡ್ ಡ್ರೆಸ್ ಕೊಂಡುಕೊಂಡ ಹೀರೋ ಇವರಲ್ಲಿ ಒಬ್ಬನೂ ಇಲ್ಲ. ನಾವು ಮಾತ್ರ ಆನ್‌ಲೈನಲ್ಲಿ ತರಿಸ್ತೀವಿ.

ಇನ್ನೊಂದು ಮಾತು. ಈ ಹೀರೋಗಳೆಲ್ಲ ಒಳ್ಳೇ ಕೆಲಸ ಮಾಡುವಾಗ ತಾವು ಯಾರು ಅಂತ ಹೇಳ್ಕೊಳ್ಳಲ್ಲ. ಮುಖ ಮುಚ್ಕೋತಾರೆ, ಇಲ್ಲಾ ಕನ್ನಡಕ ಹಾಕ್ಕೊಂಡು ಸಾಧಾರಣ ಗುಮಾಸ್ತನ ಹಾಗೆ ಇರ್ತಾರೆ. ನಮ್ಮ ಕಾಲದ ಶಕ್ತಿಮಾನ್ ನೆನಪಿದ್ಯಾ? 1997ರಲ್ಲಿ ದೂರದರ್ಶನದಲ್ಲಿ ಶುರುವಾಯ್ತು. ಅವನೂ ಹಲ್ಲುಬ್ಬಿನ ಗಂಗಾಧರನಾಗಿ ಬಚ್ಚಿಟ್ಕೊಂಡಿದ್ದೋನೇ. ಅಂಥವರ ಹೆಸರಲ್ಲಿ ಹಬ್ಬ ಮಾಡಿ ಮನೆ ಮುಂದೆ ಹತ್ತಡಿ ಫ್ಲೆಕ್ಸಲ್ಲಿ ಮಗುವಿನ ಮುಖ, ಕೆಳಗೆ ಶುಭ ಕೋರೋರ ಇಪ್ಪತ್ತು ಮುಖ ಹಾಕ್ತೀವಲ್ಲ, ಕಥೆಗೂ ಹಬ್ಬಕ್ಕೂ ಎಲ್ಲಿಯ ಸಂಬಂಧ? ಅಂದಹಾಗೆ ಪ್ಲಾಸ್ಟಿಕ್ ಫ್ಲೆಕ್ಸು, ಬಂಟಿಂಗು, ತಟ್ಟೆ, ಲೋಟ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಆಗಿದೆ. ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶಕ್ಕೇ ನಿಷೇಧ.

ಸರಿ, ಬೈದಿದ್ದು ಸಾಕು. ನಾವು ಹೇಗೆ ಮಾಡಿದ್ವಿ ಅಂತ ಹೇಳ್ತೀನಿ. ಇಷ್ಟ ಆದಷ್ಟು ತಗೊಳ್ಳಿ.

ಸಮಯ ಸಂಜೆ ಮೂರೂವರೆಯಿಂದ ಐದೂವರೆ. ಹಾಲು ಕರೆಯೋ ಹೊತ್ತಿಗೆ ಮುಗೀಬೇಕು, ಇಲ್ದಿದ್ರೆ ಬಂದ ತಾಯಂದಿರಿಗೆ ಕಾಲ ಮೇಲೆ ಕಾಲು. ಜಾಗ ಮನೆ ಅಂಗಳ. ತೆಂಗಿನ ಮರದ ಬುಡದಲ್ಲಿ ಬೇಡ. ಬಲಿತ ಕಾಯಿ, ಒಣ ಗರಿ ಯಾವಾಗ ಬೀಳುತ್ತೋ ಹೇಳಕ್ಕಾಗಲ್ಲ. ಹತ್ತಿರದ ಮರಗಳಿದ್ರೆ ಹಿಂದಿನ ದಿನ ಕಾಯಿ ಕೀಳ್ಸಿ, ಒಣ ಗರಿ ಇಳಿಸಿ.

ಕರೆದಿದ್ದು ತರಗತಿಯ ಎಲ್ಲ ಹದಿನೈದು ಮಕ್ಕಳನ್ನೂ. ಬಾಯಲ್ಲೇ ಕರೆದ್ವಿ, ಮನೆ ಮನೆಗೆ ಹೋಗಿ. ‘ಮನೆ ಬಟ್ಟೇಲೇ ಕಳ್ಸಿ, ಮಣ್ಣಾಗುತ್ತೆ, ಗಿಫ್ಟ್ ತಂದ್ರೆ ವಾಪಸ್ ಕಳಿಸ್ತೀವಿ’ ಅಂತ ನಮ್ಮಮ್ಮ ಖುದ್ದು ಹೇಳಿ ಬಂದ್ರು. ಇದನ್ನ ಮನೆಯ ಹಿರಿಯರೇ ಹೇಳಿದ್ರೆ ಚೆಂದ. ವಾಟ್ಸಾಪಲ್ಲಿ ‘ನೋ ಗಿಫ್ಟ್ಸ್’ ಅಂತ ಹಾಕಿದ್ರೆ ಯಾರೂ ನಂಬಲ್ಲ.

ಡ್ರೆಸ್: ಮನೆಯ ಹಳೇ ಸೀರೆಗಳನ್ನ ಊರಿನ ಟೈಲರಿಗೆ ಕೊಟ್ವಿ. ಬೆನ್ನ ಮೇಲೆ ಹಾರಾಡೋ ಬಟ್ಟೆ ಇಪ್ಪತ್ತು ಹೊಲಿದ್ರು, ಒಂದಕ್ಕೆ ಇಪ್ಪತ್ತು ರೂಪಾಯಿ. ಕತ್ತಿಗೆ ದಾರ ಬೇಡ ಅಂತ ಒತ್ತಿ ಹೇಳಿ, ಟಿಚ್ ಬಟನ್ ಹಾಕಿಸಿ. ಎಲ್ಲಾದ್ರೂ ಬೇಲಿಗೆ, ಕೊಂಬೆಗೆ ಸಿಕ್ಕಿಕೊಂಡ್ರೆ ಬಟನ್ ತಾನೇ ಬಿಟ್ಕೊಳ್ಳುತ್ತೆ. ದಾರ ಕಟ್ಟಿದ್ರೆ ಕತ್ತು ಬಿಗಿಯುತ್ತೆ. ಮುಖವಾಡಕ್ಕೆ ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಎಲಾಸ್ಟಿಕ್ಕು. ಬಂದ ಮಕ್ಕಳೇ ಕೂತು ಮಾಡ್ಕೊಂಡ್ರು, ಮೊದಲ ಅರ್ಧ ಗಂಟೆ ಗಲಾಟೆ ಇಲ್ದೆ ಕಳೀತು. ಕೈಗೆ ಕಟ್ಟೋ ‘ಪವರ್ ವಾಚು’ ತೆಂಗಿನ ಗರೀದು. ಗರಿಯಲ್ಲಿ ವಾಚು, ಕನ್ನಡಕ, ಪೀಪಿ ಮಾಡೋದು ನಮ್ಮ ತಲೆಮಾರಿಗೆ ಎಲ್ರಿಗೂ ಬರುತ್ತೆ. ಮಕ್ಕಳಿಗೆ ಬರಲ್ಲ. ಕಲಿಸೋಕೆ ಬೇರೆ ದಿನ ಯಾವಾಗ ಸಿಗುತ್ತೆ?

ಆಟಗಳು:

1. ಸ್ಪೈಡರ್‌ಮ್ಯಾನ್ ಬಲೆ. ಜಗಲಿ ಕಂಬಕ್ಕೂ ಹೊಂಗೆ ಮರಕ್ಕೂ ತೆಂಗಿನ ನಾರಿನ ಹುರಿ ಅಡ್ಡಾದಿಡ್ಡಿ ಕಟ್ಟಿದ್ವಿ. ಹುರಿಗೆ ಅಲ್ಲಲ್ಲಿ ದನದ ಕೊರಳ ಗೆಜ್ಜೆ. ಗೆಜ್ಜೆ ಸದ್ದಾಗದ ಹಾಗೆ ಆಚೆಗೆ ನುಸುಳಬೇಕು. ಹುರಿ ಮೊಣಕಾಲಿಂದ ಎದೆ ಮಟ್ಟದವರೆಗೆ ಇರ್ಲಿ, ಕತ್ತಿನ ಮಟ್ಟಕ್ಕೆ ಬೇಡ. ಓಡಬಾರದು, ನಿಧಾನಕ್ಕೆ ನುಸುಳಬೇಕು ಅನ್ನೋದೇ ನಿಯಮ. ಇಡೀ ಸಂಜೆಯಲ್ಲಿ ಮಕ್ಕಳು ಬಿಟ್ಟು ಬರದ ಆಟ ಇದು.

2. ಕಣ್ಣಿಲ್ಲದ ಶಕ್ತಿ. ಕಣ್ಣಿಗೆ ಬಟ್ಟೆ ಕಟ್ಟಿ, ಬಟ್ಟಲಲ್ಲಿರೋ ಕಾಳು ಮುಟ್ಟಿ ಹೇಳ್ಬೇಕು. ರಾಗಿ, ಹುರುಳಿ, ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಇದರಲ್ಲಿ ಗೆದ್ದಿದ್ದು ಯಾರು ಗೊತ್ತಾ? ತಾಯಿ ಜೊತೆ ದಿನಾ ಹೊಲಕ್ಕೆ ಹೋಗೋ ಹುಡುಗಿ. ಆರಕ್ಕೆ ಆರೂ ಹೇಳಿದ್ಲು. ತೋಟದ ಮನೆ ಮಕ್ಕಳು ಹುಚ್ಚೆಳ್ಳನ್ನ ಸಾಸಿವೆ ಅಂದ್ರು. ಆ ಮಗುವಿನ ಶಕ್ತಿ ಅವತ್ತು ಎಲ್ಲರ ಕಣ್ಣಿಗೂ ಬಿತ್ತು.

3. ಬಲದ ಆಟ. ಸುಲಿಯದ ತೆಂಗಿನಕಾಯಿಗಳನ್ನ ಮಂಕರಿಯಿಂದ ಮಂಕರಿಗೆ ಸಾಗಿಸೋ ಓಟ, ಗೋಣಿಚೀಲದ ಓಟ, ಹಗ್ಗ ಜಗ್ಗಾಟ. ತಂಡ ಮಾಡುವಾಗ ಚೀಟಿ ಎತ್ತಿ. ಮಕ್ಕಳ ಕೈಗೆ ಬಿಟ್ರೆ ‘ನೀನು ನಮ್ಮ ಕಡೆ ಬೇಡ’ ಶುರುವಾಗುತ್ತೆ.

4. ಲಗೋರಿ. ಬಿಲ್ಲೆ ಬದಲು ಚಿಕ್ಕ ದೊಡ್ಡ ಕರಟಗಳು, ಬಟ್ಟೆ ಚೆಂಡು.

5. ಗುಟ್ಟಿನ ಕೆಲಸ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಹದಿನೈದು ಚೀಟಿ. ಒಂದೊಂದರಲ್ಲೂ ಒಂದು ಕೆಲಸ: ಅಜ್ಜಿ ಏಳೋದಕ್ಕೆ ಮೊದಲು ಅವರ ಚೊಂಬಿಗೆ ನೀರು ತುಂಬಿಡು. ಶಾಲೆಯ ಗಿಡಕ್ಕೆ ಒಂದು ವಾರ ನೀರು ಹಾಕು. ಹಕ್ಕಿಗೆ ಕರಟದಲ್ಲಿ ನೀರಿಡು. ತರಗತೀಲಿ ಒಂಟಿಯಾಗಿ ಕೂತೋರ ಪಕ್ಕ ಹೋಗಿ ಕೂತ್ಕೋ. ನಿಯಮ ಒಂದೇ, ಮಾಡಿದ್ದು ಯಾರಿಗೂ ಹೇಳಬಾರದು. ಹೇಳಿದ್ರೆ ಶಕ್ತಿ ಹೋಯ್ತು. ಯಾರು ಮಾಡಿದ್ರು, ಯಾರು ಮಾಡಲಿಲ್ಲ ನಾನೂ ಕೇಳಿಲ್ಲ. ಕೇಳಿದ್ರೆ ಆಟ ಕೆಡುತ್ತೆ.

ವೇಷದ ಹುಡುಗನ ಬದಲು ನಾವು ಕರೆಸಿದ್ದು ನಮ್ಮ ತೋಟಕ್ಕೆ ಕಾಯಿ ಕೀಳೋಕೆ ಬರೋರನ್ನ. ಮರ ಹತ್ತೋ ಯಂತ್ರ ತಂದು, ಸೊಂಟಕ್ಕೆ ಬೆಲ್ಟ್ ಕಟ್ಕೊಂಡು ಮಕ್ಕಳನ್ನ ದೂರ ನಿಲ್ಲಿಸಿ ಒಂದು ಮರ ಹತ್ತಿ ಇಳಿದ್ರು. ಆಮೇಲೆ ಅರ್ಧ ಗಂಟೆ ಮಕ್ಕಳ ಪ್ರಶ್ನೆ: ಮೇಲಿಂದ ಏನು ಕಾಣುತ್ತೆ, ಹಾವಿರುತ್ತಾ, ಹೆದರಿಕೆ ಆಗಲ್ವಾ. ಅವರ ಮಗನೂ ಅದೇ ಗುಂಪಲ್ಲಿ ಕೂತಿದ್ದ. ಅವನ ಮುಖ ನೋಡ್ಬೇಕಿತ್ತು. ಅವರ ಸಮಯಕ್ಕೆ 300 ಕೊಟ್ವಿ, ಪುಕ್ಕಟೆ ಕರೆಸಬೇಡಿ. ‘ನಿಜವಾದ ಹೀರೋ ಇವರೇ’ ಅಂತೆಲ್ಲ ಭಾಷಣ ಮಾಡೋಕೆ ಹೋಗಲಿಲ್ಲ. ಮಕ್ಕಳು ಬಂದಿರೋದು ಭಾಷಣ ಕೇಳೋಕಲ್ಲ, ಅವರಿಗೆ ಕಣ್ಣಿದೆ. ನಿಮ್ಮೂರಲ್ಲಿ ಲೈನ್‌ಮನ್ ಕರೀಬಹುದು, ಪಶು ಡಾಕ್ಟ್ರನ್ನ ಕರೀಬಹುದು.

ತಿಂಡಿ: ಚಿತ್ರಾನ್ನ, ಕೋಸಂಬರಿ, ಕೊಬ್ಬರಿ ಮಿಠಾಯಿ, ಎಳನೀರು. ಬಾಳೆ ಎಲೆ, ಸ್ಟೀಲ್ ಲೋಟ. ಕೇಕು ಒಂದು ಕೆಜಿ, ಸಾದಾ. ಕೇಕೇ ಬೇಡ ಅನ್ನೋರ ಜೊತೆ ನಾನಿಲ್ಲ, ಮಕ್ಕಳಿಗೆ ಅದು ಬೇಕು. ದೀಪ ಆರಿಸೋದು ಅಪಶಕುನ ಅಂತ ಅಮ್ಮ ಅಂದ್ರು, ಮೊದಲು ದೇವರ ಮುಂದೆ ದೀಪ ಹಚ್ಚಿ ಆರತಿ ಮಾಡಿಸಿ, ಆಮೇಲೆ ಕೇಕ್ ಕತ್ತರಿಸಿದ್ವಿ. ಜಗಳ ಅಲ್ಲಿಗೆ ಮುಗೀತು. ಆದ್ರೆ ಕೇಕಿನ ಬಗ್ಗೆ ಎರಡು ಮಾತು. ಅದರ ಮೇಲಿನ ಕ್ರೀಮು ಬಹಳ ಕಡೆ ಹಾಲಿನದಲ್ಲ, ತಾಳೆ ಎಣ್ಣೆ ಜಾತಿಯ ಕೊಬ್ಬಿನದು. ಹಾಲು ಡೇರಿಗೆ ಹಾಕಿ, ಕೊಬ್ಬರಿ ಮಂಡಿಗೆ ಹಾಕಿ, ಹೊರದೇಶದ ಎಣ್ಣೆಯ ಕ್ರೀಮ್ ಕೆಜಿಗೆ ಸಾವಿರ ಕೊಟ್ಟು ತಿಂತೀವಿ. ಇನ್ನು ಬಣ್ಣ. ಕಡುಗೆಂಪು, ಕಡುನೀಲಿ ಇಲ್ದೆ ಸ್ಪೈಡರ್‌ಮ್ಯಾನ್ ಕೇಕ್ ಆಗಲ್ಲ. 2024ರಲ್ಲಿ ಬೆಂಗಳೂರಲ್ಲಿ ಆಹಾರ ಸುರಕ್ಷತೆಯವರು 235 ಕೇಕ್ ಮಾದರಿ ಪರೀಕ್ಷೆ ಮಾಡಿದಾಗ 12ರಲ್ಲಿ ಕೃತಕ ಬಣ್ಣದ ತೊಂದರೆ ಸಿಕ್ಕಿತ್ತು. ನಾವು ಸಾದಾ ಕೇಕಿನ ಮೇಲೆ ಒಂದು ಪುಟ್ಟ ಸ್ಪೈಡರ್‌ಮ್ಯಾನ್ ಗೊಂಬೆ ನಿಲ್ಲಿಸಿದ್ವಿ. ಮಗುವಿಗೆ ಅಷ್ಟು ಸಾಕಾಯ್ತು, ಗೊಂಬೆ ಆಮೇಲೆ ಆಟಕ್ಕೂ ಆಯ್ತು.

ಈಗ ಅಪಾಯದ ಮಾತು. ಇದನ್ನ ಮಾತ್ರ ದಯವಿಟ್ಟು ಓದದೆ ಬಿಡಬೇಡಿ.

ಸೂಪರ್‌ಹೀರೋ ಬಟ್ಟೆ ಬೆನ್ನಿಗೆ ಬಿದ್ದ ಮಗು ಹಾರೋಕೆ ನೋಡುತ್ತೆ. ಶಕ್ತಿಮಾನ್ ಕಾಲದಲ್ಲಿ ಮಕ್ಕಳು ಅವನನ್ನ ನೋಡಿ ಮೇಲಿಂದ ಹಾರಿದ ಸುದ್ದಿ ಬಂದು, ಹಾಗೆ ಮಾಡಬೇಡಿ ಅಂತ ಟಿವಿಯಲ್ಲೇ ಹೇಳಬೇಕಾಯ್ತು. ಮಹಡಿ ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿ. ಅದಕ್ಕಿಂತ ಮುಖ್ಯ, ನಮ್ಮ ಮನೆಗಳಲ್ಲಿ ಪೇಟೆ ಮನೆಗಳಲ್ಲಿ ಇಲ್ಲದ ಅಪಾಯಗಳಿವೆ. ತೆರೆದ ಬಾವಿ, ಕೃಷಿ ಹೊಂಡ, ನೀರಿನ ತೊಟ್ಟಿ, ಮೋಟಾರಿನ ವೈರು, ಕೀಲಿ ಬಿಟ್ಟ ಟ್ರ್ಯಾಕ್ಟರು, ಔಷಧಿ ಇಟ್ಟ ಕೋಣೆ. ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆ ಜಾರುತ್ತೆ, ಒಳಗೆ ಬಿದ್ದ ಮಗು ಹತ್ತಿ ಬರೋಕಾಗಲ್ಲ. ಹದಿನೈದು ಮಕ್ಕಳಿಗೆ ಕನಿಷ್ಠ ಮೂರು ಜನ ದೊಡ್ಡೋರು ಬರೀ ನೋಡ್ಕೊಳ್ಳೋಕೆ ಇರಬೇಕು. ಅದರಲ್ಲಿ ಒಬ್ಬರು ಹೊಂಡದ ದಾರೀಲೇ ಕುರ್ಚಿ ಹಾಕ್ಕೊಂಡು ಕೂರಲಿ, ಫೋನ್ ಇಲ್ಲದೆ.

ಸ್ನೋ ಸ್ಪ್ರೇ ಬೇಡವೇ ಬೇಡ. ಅದರ ಗ್ಯಾಸು ಉರಿಯೋ ಅಂಥದ್ದು. ಮೇಣದ ಬತ್ತಿ ಹತ್ತಿರ ಹೊಡೆದ್ರೆ ಮಗುವಿನ ತಲೆಗೂದಲಿಗೇ ಬೆಂಕಿ ಹತ್ತುತ್ತೆ. ಗ್ಯಾಸ್ ಬಲೂನಲ್ಲಿ ಎಷ್ಟೋ ಕಡೆ ತುಂಬೋದು ಹೈಡ್ರೋಜನ್, ಅದೂ ಹಾಗೇ. ಒಡೆದ ಬಲೂನಿನ ಚೂರು ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಬಾಯಲ್ಲಿ ಹೊಗೆ ಬರೋ ಬಿಸ್ಕತ್ತು ಜಾತ್ರೇಲಿ ನೋಡಿದ್ದೀರಿ, ಈಗ ಅದೂ ಪಾರ್ಟಿಗೆ ಬಂದಿದೆ. ಅದಕ್ಕೆ ಹಾಕೋದು ಲಿಕ್ವಿಡ್ ನೈಟ್ರೋಜನ್. ನಮಗೆ ಅದು ಹೊಸದೇನಲ್ಲ, ಹಸುವಿಗೆ ಸೂಜಿ ಹಾಕೋಕೆ ಬರೋರ ಕ್ಯಾನಿನಲ್ಲಿ ಸೆಮೆನ್ ಕಡ್ಡಿ ಇಡೋದು ಅದರಲ್ಲೇ. ಮೈನಸ್ 196 ಡಿಗ್ರಿ. ಆ ಕ್ಯಾನಿಗೆ ನೀವು ಬೆರಳು ಹಾಕ್ತೀರಾ? 2024ರಲ್ಲಿ ಬೆಂಗಳೂರಿನ ಒಂದು ಆರತಕ್ಷತೆಯಲ್ಲಿ ಹೊಗೆ ಪಾನ್ ತಿಂದ 12 ವರ್ಷದ ಹುಡುಗಿಯ ಹೊಟ್ಟೆಯಲ್ಲಿ ತೂತಾಗಿ ಆಪರೇಷನ್ ಮಾಡ್ಬೇಕಾಯ್ತು.

ಮಾರನೇ ದಿನದ ಕಸಾನೂ ಯೋಚ್ನೆ ಮಾಡಿ. ಬಲೂನ್ ಚೂರು, ಮಿಂಚಿನ ಕಾಗದ, ರಿಬ್ಬನ್ನು, ಥರ್ಮೋಕೋಲು ಗುಡಿಸಿ ಎಲ್ಲಿ ಹಾಕ್ತೀವಿ? ತಿಪ್ಪೆಗೆ. ಅಲ್ಲಿಂದ ಗೊಬ್ಬರದ ಜೊತೆ ಹೊಲಕ್ಕೆ. ಕೇಕ್ ಅಂಟಿದ ಪ್ಲಾಸ್ಟಿಕ್ಕನ್ನ ದನ ಸಿಹಿ ಅಂತ ನುಂಗುತ್ತೆ. ಅದು ಹೊಟ್ಟೇಲಿ ಕರಗಲ್ಲ, ಹೊರಗೂ ಬರಲ್ಲ. ಮೇವು ಬಿಟ್ಟು ಸೊರಗೋ ಹಸುವಿನ ಹೊಟ್ಟೆ ಕೊಯ್ದು ಕೆಜಿಗಟ್ಟಲೆ ಪ್ಲಾಸ್ಟಿಕ್ ತೆಗೆದಿದ್ದನ್ನ ಪಶು ಡಾಕ್ಟ್ರನ್ನ ಕೇಳಿ, ಹೇಳ್ತಾರೆ. ನಮ್ಮ ಅಂಗಳದಲ್ಲಿ ಕಟ್ಟಿದ್ದು ಗರಿ, ಮಾವಿನ ಸೊಪ್ಪು, ಹಳೇ ಸೀರೆ, ಸೀರಿಯಲ್ ಲೈಟು. ಬೆಳಗ್ಗೆ ಗರಿ, ಸೊಪ್ಪು, ಬಾಳೆ ಎಲೆ ನೇರ ಗುಂಡಿಗೆ ಹೋಯ್ತು.

ಖರ್ಚಿನ ಲೆಕ್ಕ ಕೊಡ್ತೀನಿ, ನೋಡಿ:

ಕೇಕ್ 600
ಶೀಟು, ಪೆನ್ನು, ಎಲಾಸ್ಟಿಕ್ 250
ಹೊಲಿಗೆ 400
ತಿಂಡಿ ಸಾಮಾನು 1,500
ಮರ ಹತ್ತಿದವರಿಗೆ 300
ಎಲ್ಲ ಮಕ್ಕಳಿಗೂ ಒಂದೊಂದು ನೋಟ್‌ಬುಕ್ಕು, ಪೆನ್ಸಿಲು 450
ಒಟ್ಟು 3,500

ಎಳನೀರು, ಕಾಯಿ ಮನೇದು, ಲೆಕ್ಕಕ್ಕೆ ಹಿಡಿದಿಲ್ಲ. ಹಾಲಿನ ಲೆಕ್ಕದಲ್ಲಿ 100 ಲೀಟರ್, ಹತ್ತು ದಿನದ್ದು. ಪ್ಯಾಕೇಜಿನ 28,000ದ ಎಂಟನೇ ಒಂದು ಭಾಗ. ನೀವು ಕೇಳಬಹುದು, ‘ಇದಕ್ಕೆ ನಮ್ಮ ಮೈಕೈ ಶ್ರಮ ಎಷ್ಟು?’ ಹೌದು, ಎರಡು ದಿನ ಸಂಜೆ ಕೆಲಸ ಇದೆ. ಹೆಂಗಸರ ಮೇಲೆ ಅಷ್ಟೂ ಹೊರಿಸಿದ್ರೆ ಇದು ಅನ್ಯಾಯದ ಪ್ಲಾನ್ ಆಗುತ್ತೆ. ಹುರಿ ಕಟ್ಟೋದು, ಗುಡಿಸೋದು, ಪಾತ್ರೆ ತೊಳೆಯೋದು ಗಂಡಸರ ಪಾಲು ಅಂತ ಮೊದಲೇ ಮಾತಾಡ್ಕೊಳ್ಳಿ. ನಮ್ಮನೇಲಿ ಹಾಗೇ ಆಗಿದ್ದು.

‘ಹೀಗೆ ಮಾಡಿದ್ರೆ ಜನ ಜಿಪುಣ ಅಂತಾರೆ’ ಅನ್ನೋರೂ ಇದ್ದಾರೆ. ಅಂತಾರೆ, ಒಪ್ತೀನಿ. ಒಂದು ಮನೆ ಮಾತ್ರ ಮಾಡಿದ್ರೆ ಅಂದೇ ಅಂತಾರೆ. ನಾಲ್ಕು ಮನೆ ಮಾಡಿದ್ರೆ ಅದೇ ಪದ್ಧತಿ ಆಗುತ್ತೆ. ಅದಕ್ಕೇ ಇದನ್ನ ಇಷ್ಟುದ್ದ ಬರೀತಿರೋದು. ಇದರಲ್ಲಿ ಮೊದಲು ಹೆಜ್ಜೆ ಇಡಬೇಕಾದೋರು ಖರ್ಚು ಮಾಡೋ ಶಕ್ತಿ ಇರೋರು. ಕೈಯಲ್ಲಿ ದುಡ್ಡಿರೋರು ಸರಳವಾಗಿ ಮಾಡಿದ್ರೆ ಮಾತ್ರ ಇಲ್ಲದೋರು ತಲೆ ಎತ್ಕೊಂಡು ಮಾಡೋಕಾಗೋದು.

ಈಗ ನನ್ನ ಬೇಡಿಕೆ. ಊರಿಗೊಂದು ಹುಟ್ಟುಹಬ್ಬದ ಪೆಟ್ಟಿಗೆ ಇಡೋಣ. ನಮ್ಮ ಪೆಟ್ಟಿಗೇಲಿ ಈಗ ಇರೋದು ಇಪ್ಪತ್ತು ಬೆನ್ನಿನ ಬಟ್ಟೆ, ಮುಖವಾಡದ ಅಚ್ಚು, ಬಲೆಯ ಹುರಿ, ಹನ್ನೆರಡು ಗೆಜ್ಜೆ, ಲಗೋರಿಯ ಕರಟ, ಗೋಣಿಚೀಲ, ಎರಡು ಸೀರಿಯಲ್ ಲೈಟು. ಯಾರ ಮನೆಯ ಮಗುವಿನ ಹುಟ್ಟುಹಬ್ಬವೋ ಅವ್ರು ಹಿಂದಿನ ದಿನ ತಗೊಂಡು ಹೋಗೋದು, ಮಾರನೇ ದಿನ ಬಟ್ಟೆ ಒಗೆದು ವಾಪಸ್ ಇಡೋದು. ಬಾಡಿಗೆ ಇಲ್ಲ. ತೋಟದ ಮನೆಯಲ್ಲೂ ಅದೇ ಬಲೆ, ಕಾಲೋನಿಯ ಮನೆಯಲ್ಲೂ ಅದೇ ಬಲೆ. ನಮ್ಮ ತೋಟಕ್ಕೆ ಮರ ಹತ್ತೋಕೆ ಬರೋರ ಮಗನಿಗೆ ಮುಂದಿನ ತಿಂಗಳು ಎಂಟು ತುಂಬುತ್ತೆ. ಪೆಟ್ಟಿಗೆ ಮೊದಲು ಹೋಗೋದು ಅಲ್ಲಿಗೆ, ನಮ್ಮ ಹುಡುಗ ಈಗಾಗಲೇ ಒಪ್ಕೊಂಡಿದ್ದಾನೆ.

ಪೆಟ್ಟಿಗೆಗೆ ಹಾಕೋಕೆ ಹಳೇ ಸೀರೆ, ದಪ್ಪ ಹುರಿ, ಗೆಜ್ಜೆ ಇದ್ರೆ ಡೇರಿ ಹತ್ರ ಬೆಳಗ್ಗೆ ಹಾಲು ಹಾಕೋ ಹೊತ್ತಿಗೆ ತಂದು ಕೊಡಿ. ಬೇರೆ ಊರಿನೋರು ನಿಮ್ಮೂರಲ್ಲೇ ಒಂದು ಶುರು ಮಾಡಿ. ಹುರಿ ಹೇಗೆ ಕಟ್ಟಿದ್ರೆ ಜಾರಲ್ಲ ಅಂತ ಬೇಕಾದ್ರೆ ಬಂದು ತೋರಿಸ್ತೀನಿ. ಬಿಳಿನೊಣದ ವಿಷಯ ಮುಂದಿನ ವಾರ, ಮರೆತಿಲ್ಲ.